ವಿಲಿಯಂ ಬ್ಲೇಕನ ಮುದ್ರಣೋದ್ಯಮ: ಒಂದು ಆರ್ಥಿಕ ವಿವೇಚನೆ

ವಿಲಿಯಂ ಬ್ಲೇಕನ (೧೭೫೭-೧೮೨೭) ಕುರಿಮರಿಯ ಪದ್ಯವನ್ನೂ ಹುಲಿಯ ಪದ್ಯವನ್ನೂ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಓದಿದ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಆ ಪದ್ಯಗಳು ಮೊದಲು ಯಾವ ರೂಪದಲ್ಲಿ ಗಿರಾಕಿಯ ಕೈ ಸೇರಿದುವು, ಅವನು ಅದಕ್ಕೆ ಎಷ್ಟು ಹಣ ತೆತ್ತನು, ಆ ಹಾಳೆಗಳನ್ನು ಅಚ್ಚುಹಾಕಿದವರು ಯಾರು ಎಂಬ ಪ್ರಶ್ನೆಗಳು ಸಾಹಿತ್ಯದ ತರಗತಿಯಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಅವು ಇತಿಹಾಸದ ವಿದ್ಯಾರ್ಥಿಯ ಪಾಲಿಗೆ ಉಳಿದ ಪ್ರಶ್ನೆಗಳು. ಬ್ಲೇಕನು ಬದುಕಿದ್ದಾಗ ಲಂಡನ್ನಿನ ಜನ ಅವನನ್ನು ಅರಿತಿದ್ದುದು ಹೆಚ್ಚಾಗಿ ಕವಿಯೆಂದಲ್ಲ, ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕಸುಬುದಾರನೆಂದು. ಚಿತ್ರವನ್ನು ಕಲ್ಪಿಸಿ, ಅಕ್ಷರವನ್ನು ಬರೆದು, ತಗಡನ್ನು ಸಿದ್ಧಪಡಿಸಿ, ಮಸಿ ಹಚ್ಚಿ, ಅಚ್ಚು ತೆಗೆದು, ಬಣ್ಣ ತುಂಬಿ, ಹೊಲಿದು, ಕೊನೆಗೆ ಮಾರುವವರೆಗಿನ ಎಲ್ಲ ಕೆಲಸಗಳೂ ಒಂದೇ ಮನೆಯೊಳಗೆ ನಡೆದ ಈ ಉದ್ಯಮದ ಜಮಾಖರ್ಚನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬ್ಲೇಕನು ಲೋಕವ್ಯವಹಾರವನ್ನರಿಯದ ದಾರ್ಶನಿಕನೆಂದೂ, ಅವನ ಮುದ್ರಣವಿಧಾನವು ಅವನ ದರ್ಶನದ ಒಂದು ಅಂಗವೆಂದೂ ಹೇಳುವ ರೂಢಿ ಬಹುಕಾಲದಿಂದ ಬಂದಿದೆ. ಇದನ್ನು ನಾವು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಆದರೆ ಆ ವಿಧಾನವು ಹುಟ್ಟಿದ್ದು ಕಸುಬುದಾರನೊಬ್ಬನ ಲೆಕ್ಕಾಚಾರದಿಂದ ಎಂಬುದೂ, ಆ ಲೆಕ್ಕವು ತಪ್ಪಿದ ಸ್ಥಳವನ್ನು ಇಂದಿಗೂ ಗುರುತಿಸಬಹುದೆಂಬುದೂ ನಮ್ಮ ಅಭಿಪ್ರಾಯ.

ಮೊದಲು ಅವನ ಕಸುಬಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. ಬ್ಲೇಕನು ಲಂಡನ್ನಿನ ಒಬ್ಬ ಕಾಲುಚೀಲದ ವ್ಯಾಪಾರಿಯ ಮಗ. ೧೭೭೨ರಲ್ಲಿ ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷಗಳ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದನು. ೧೭೮೨ರಲ್ಲಿ ಕ್ಯಾಥರೀನ್ ಬೌಚರ್ ಎಂಬಾಕೆಯನ್ನು ಮದುವೆಯಾದನು. ೧೭೮೪ರಲ್ಲಿ ತನ್ನೊಡನೆ ಕೆಲಸ ಕಲಿತಿದ್ದ ಜೇಮ್ಸ್ ಪಾರ್ಕರನನ್ನು ಪಾಲುಗಾರನನ್ನಾಗಿ ಮಾಡಿಕೊಂಡು ಬ್ರಾಡ್ ಸ್ಟ್ರೀಟಿನಲ್ಲಿ ಚಿತ್ರಮುದ್ರಿಕೆಗಳ ಅಂಗಡಿಯೊಂದನ್ನು ತೆರೆದನು. ಅಂಗಡಿ ಹೆಚ್ಚು ಕಾಲ ನಿಲ್ಲಲಿಲ್ಲ. ಅಚ್ಚುಯಂತ್ರವನ್ನು ಸ್ವಂತವಾಗಿ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಅವನಲ್ಲಿ ಕೊನೆಯವರೆಗೂ ಉಳಿಯಿತು.

ಆ ಕಾಲದಲ್ಲಿ ಚಿತ್ರಸಹಿತವಾದ ಪುಸ್ತಕವೊಂದು ಹೊರಬರಬೇಕಾದರೆ ಅದು ಎಷ್ಟು ಕೈಗಳನ್ನು ಹಾದುಹೋಗಬೇಕಾಗಿತ್ತು ಎಂಬುದನ್ನು ನೆನೆದರೆ ಬ್ಲೇಕನ ಯೋಚನೆ ಅರ್ಥವಾಗುತ್ತದೆ. ಬಂಡವಾಳವನ್ನು ಹಾಕುವವನು ಪ್ರಕಾಶಕ. ಚಿತ್ರವನ್ನು ಕಲ್ಪಿಸುವವನೊಬ್ಬ, ಅದನ್ನು ತಗಡಿಗೆ ಇಳಿಸುವವನು ಇನ್ನೊಬ್ಬ. ಅಕ್ಷರಗಳನ್ನು ಮೊಳೆ ಜೋಡಿಸುವವನು ಜೋಡಿಸಿ, ಮೊಳೆಯಚ್ಚಿನ ಯಂತ್ರದಲ್ಲಿ ಮುದ್ರಿಸಬೇಕು. ಕೊರೆದ ಚಿತ್ರದಲ್ಲಿ ಮಸಿ ನಿಲ್ಲುವುದು ತಗ್ಗಿನ ಗೆರೆಗಳಲ್ಲಿ. ಆದಕಾರಣ ಅದನ್ನು ಉರುಳೆಗಳುಳ್ಳ ಬೇರೊಂದು ಯಂತ್ರದಲ್ಲಿ ಬಲವಾಗಿ ಒತ್ತಿ ತೆಗೆಯಬೇಕು. ಹೀಗೆ ಅಕ್ಷರಕ್ಕೊಂದು ಯಂತ್ರ, ಚಿತ್ರಕ್ಕೊಂದು ಯಂತ್ರ. ಅವೆರಡೂ ಅನೇಕ ವೇಳೆ ಬೇರೆ ಬೇರೆ ಬೀದಿಗಳಲ್ಲಿ. ನಾವು ತರಗತಿಯಲ್ಲಿ ಶ್ರಮವಿಭಜನೆಯ ಪಾಠವನ್ನು ಹೇಳುವಾಗ ಆಡಂ ಸ್ಮಿತ್ತನ ಗುಂಡುಸೂಜಿಯ ಕಾರ್ಖಾನೆಯನ್ನು ತಪ್ಪದೆ ಉದಾಹರಿಸುತ್ತೇವೆ: ಹತ್ತು ಜನ ಕೆಲಸವನ್ನು ಹಂಚಿಕೊಂಡು ದಿನಕ್ಕೆ ೪೮,೦೦೦ ಸೂಜಿಗಳನ್ನು ಮಾಡುತ್ತಿದ್ದರೆಂದು ಅವನು ೧೭೭೬ರಲ್ಲಿ ಬರೆದನು. ಅದೇ ತಲೆಮಾರಿನಲ್ಲಿ, ಅದೇ ದೇಶದಲ್ಲಿ, ಹಂಚಿಹೋಗಿದ್ದ ಕೆಲಸಗಳನ್ನು ಮತ್ತೆ ಒಂದು ಕೈಗೆ ಕೂಡಿಸಲು ಹೊರಟವನು ಬ್ಲೇಕ್.

ಅವನು ಕಂಡುಕೊಂಡ ಉಪಾಯ ಹೀಗಿತ್ತು. ನಯಗೊಳಿಸಿದ ತಾಮ್ರದ ತಗಡಿನ ಮೇಲೆ, ಆಮ್ಲಕ್ಕೆ ಕರಗದ ಮೆರುಗೆಣ್ಣೆಯಿಂದ, ಗರಿಯ ಲೇಖನಿ ಮತ್ತು ಕುಂಚಗಳ ಸಹಾಯದಿಂದ ಅಕ್ಷರವನ್ನೂ ಚಿತ್ರವನ್ನೂ ಒಟ್ಟಿಗೆ ಬರೆಯುವುದು. ಅಚ್ಚಿನಲ್ಲಿ ಸರಿಯಾಗಿ ಕಾಣಬೇಕಾದುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕಾಗಿತ್ತು. ಕೆತ್ತನೆಯ ಕಸುಬಿನಲ್ಲಿ ಪಳಗಿದವನಿಗೆ ಇದು ಅಸಾಧ್ಯವೇನಲ್ಲ. ಅನಂತರ ತಗಡನ್ನು ಆಮ್ಲದಲ್ಲಿಟ್ಟರೆ ಬರೆಯದೆ ಬಿಟ್ಟ ಭಾಗವು ಸವೆದು, ಬರೆದ ಭಾಗವು ಉಬ್ಬಿ ನಿಲ್ಲುತ್ತದೆ. ಆ ಉಬ್ಬಿನ ಮೇಲೆ ಮಸಿಯನ್ನು ತಟ್ಟಿ, ಉರುಳೆಯಂತ್ರದಲ್ಲಿ ಹಗುರವಾಗಿ ಒತ್ತಿ, ಹಾಳೆಯನ್ನು ತೆಗೆದು, ನೀರುಬಣ್ಣಗಳನ್ನು ತುಂಬುವುದು. ಮೊಳೆಗಳು ಬೇಡ, ಮೊಳೆ ಜೋಡಿಸುವವನು ಬೇಡ, ಎರಡನೆಯ ಯಂತ್ರ ಬೇಡ. ಬರೆದ ಕೈಬರಹವೇ ಅಚ್ಚಾಗುತ್ತದೆ. ಇದೇ ಅನುಕೂಲವನ್ನು ಮುಂದೆ ಬೇರೊಂದು ಮಾರ್ಗದಿಂದ ಒದಗಿಸಿದುದು ಕಲ್ಲಚ್ಚು. ೧೮೪೩ರಲ್ಲಿ ಬಾಸೆಲ್ ಮಿಷನ್ನಿನವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಕಲ್ಲಚ್ಚಿನಲ್ಲೇ ಎಂಬುದನ್ನು ನೆನೆದರೆ, ಮೊಳೆಗಳನ್ನು ಬಿಟ್ಟು ಕೈಬರಹದಿಂದಲೇ ಮುದ್ರಿಸುವುದು ಅಲ್ಪ ಬಂಡವಾಳದವರಿಗೆ ಎಂಥ ಆಸರೆಯಾಗಬಲ್ಲುದೆಂಬುದು ಕನ್ನಡ ವಾಚಕರಿಗೆ ಹೊಳೆದೀತು.

ಈ ಉಪಾಯವನ್ನು ೧೭೮೭ರಲ್ಲಿ ತೀರಿಕೊಂಡ ತನ್ನ ತಮ್ಮ ರಾಬರ್ಟನು ಕನಸಿನಂತಹ ದರ್ಶನವೊಂದರಲ್ಲಿ ಬಂದು ತಿಳಿಸಿದನೆಂದು ಬ್ಲೇಕನು ಹೇಳಿಕೊಳ್ಳುತ್ತಿದ್ದನಂತೆ. ಕ್ಯಾಥರೀನಳು ಮನೆಯಲ್ಲಿದ್ದ ಒಂದೇ ಒಂದು ಅರ್ಧ ಕ್ರೌನ್ ನಾಣ್ಯವನ್ನು, ಎಂದರೆ ಎರಡೂವರೆ ಷಿಲಿಂಗನ್ನು, ತೆಗೆದುಕೊಂಡು ಹೋಗಿ ಅದರಲ್ಲಿ ೧ ಷಿಲಿಂಗ್ ೧೦ ಪೆನ್ಸಿಗೆ ಸಾಮಗ್ರಿ ಕೊಂಡುತಂದಳೆಂದು ೧೮೬೩ರಲ್ಲಿ ಪ್ರಕಟವಾದ ಗಿಲ್‌ಕ್ರಿಸ್ಟನ ಜೀವನಚರಿತ್ರೆಯು ಹೇಳುತ್ತದೆ. ಎರಡೂ ರಮ್ಯವಾದ ಕಥೆಗಳು. ತಾಮ್ರದ ತಗಡುಗಳಿಗೂ ಕಾಗದಕ್ಕೂ ಆ ಹಣ ಸಾಲುತ್ತಿರಲಿಲ್ಲವೆಂಬುದು ಸ್ಪಷ್ಟ. ಬ್ಲೇಕನ ಗೆಳೆಯನಾದ ಜಾರ್ಜ್ ಕಂಬರ್ಲೆಂಡನು ಕೈಬರಹವನ್ನು ತಗಡಿನಿಂದ ನೇರವಾಗಿ ಮುದ್ರಿಸುವ ತನ್ನದೇ ಆದ ಪ್ರಯೋಗವನ್ನು ೧೭೮೪ರಲ್ಲಿಯೇ ಪ್ರಕಟಿಸಿದ್ದನು. ಆದ್ದರಿಂದ ಸ್ವರ್ಗದಿಂದ ಇಳಿದು ಬಂದದ್ದೆಂದು ಹೇಳಲಾದ ವಿದ್ಯೆಯು ಅವರಿಬ್ಬರ ನಡುವಿನ ಮಾತುಕತೆಯಲ್ಲಿ ಸ್ವಲ್ಪವಾದರೂ ಸುಳಿದಿದ್ದಿತೆಂದು ಊಹಿಸುವುದು ತಪ್ಪಾಗಲಾರದು.

ಕಸುಬುದಾರನಾದ ಬ್ಲೇಕನ ಮನಸ್ಸನ್ನು ತಿಳಿಯಲು ನಮಗೆ ದೊರೆಯುವ ಉತ್ತಮ ಆಧಾರವೆಂದರೆ ೧೭೯೩ರ ಅಕ್ಟೋಬರ್ ೧೦ನೆಯ ತೇದಿಯುಳ್ಳ ಒಂದು ಪ್ರಕಟಣಪತ್ರ. ಅದರ ಮೂಲಪ್ರತಿ ಈಗ ಉಳಿದಿಲ್ಲ; ಗಿಲ್‌ಕ್ರಿಸ್ಟನು ನಕಲು ಮಾಡಿ ಕೊಟ್ಟಿರುವ ಪಾಠವೇ ಗತಿ. ಅದರಲ್ಲಿ ದರ್ಶನದ ಮಾತಿಲ್ಲ. ಕಲಾವಿದನೂ ಕವಿಯೂ ಬಡತನದಲ್ಲಿ ನರಳುವುದು ಜನರ ತಪ್ಪಿನಿಂದಲ್ಲ, ತಮ್ಮ ಕೃತಿಗಳನ್ನು ಜನಕ್ಕೆ ಮುಟ್ಟಿಸುವ ಸಾಧನ ಅವರಲ್ಲಿಲ್ಲದಿರುವುದರಿಂದ ಎಂದು ಅವನು ವಾದಿಸುತ್ತಾನೆ. ತಾನು ಕಂಡುಹಿಡಿದ ವಿಧಾನದಲ್ಲಿ ಅಕ್ಷರವನ್ನೂ ಚಿತ್ರವನ್ನೂ ಹಿಂದಿಗಿಂತ ಅಲಂಕೃತವಾಗಿ, ಅದೂ ಕಾಲುಭಾಗಕ್ಕಿಂತ ಕಡಿಮೆ ವೆಚ್ಚದಲ್ಲಿ, ಮುದ್ರಿಸಬಹುದೆಂದು ಹೇಳಿಕೊಳ್ಳುತ್ತಾನೆ. ಮುಂಗಡವಾಗಿ ಚಂದಾ ಎತ್ತಿ ಪುಸ್ತಕ ಹೊರಡಿಸುವುದು ಆಗಿನ ಲಂಡನ್ನಿನ ರೂಢಿ. ತನಗೆ ಚಂದಾ ಬೇಡ, ಕೃತಿಯನ್ನು ಸಿದ್ಧಪಡಿಸಿ ನ್ಯಾಯವಾದ ಬೆಲೆಗೆ ಮಾರುವೆನೆಂದು ಖಂಡಿತವಾಗಿ ನುಡಿಯುತ್ತಾನೆ. ಅನಂತರ ಬೆಲೆಪಟ್ಟಿ. ‘ಸಾಂಗ್ಸ್ ಆಫ್ ಇನ್ನೊಸೆನ್ಸ್’, ೨೫ ಚಿತ್ರಗಳು, ೫ ಷಿಲಿಂಗ್. ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’, ಅದೂ ೨೫ ಚಿತ್ರಗಳು, ೫ ಷಿಲಿಂಗ್. ದೊಡ್ಡ ಅಳತೆಯ ‘ಅಮೆರಿಕ’, ೧೮ ಚಿತ್ರಗಳು, ೧೦ ಷಿಲಿಂಗ್ ೬ ಪೆನ್ಸ್. ‘ದಿ ಬುಕ್ ಆಫ್ ಥೆಲ್’ ೩ ಷಿಲಿಂಗ್.

ಈ ಅಂಕಿಗಳನ್ನು ಸ್ವಲ್ಪ ತೂಗಿ ನೋಡೋಣ. ೧೨ ಪೆನ್ಸಿಗೆ ಒಂದು ಷಿಲಿಂಗ್. ೨೦ ಷಿಲಿಂಗಿಗೆ ಒಂದು ಪೌಂಡು. ಆದ್ದರಿಂದ ‘ಇನ್ನೊಸೆನ್ಸ್’ ಗೀತೆಗಳ ಬೆಲೆಯು ಪುಟವೊಂದಕ್ಕೆ ಎರಡೂವರೆ ಪೆನ್ಸಿಗಿಂತಲೂ ಕಡಿಮೆಯಾಯಿತು. ಈ ಬೆಲೆಯೊಳಗೆ ತಾಮ್ರ, ಕಾಗದ, ಮಸಿ, ಬಣ್ಣ, ಹೊಲಿಗೆ ಇವೆಲ್ಲ ಅಡಕವಾಗಿವೆ. ಮೊಳೆಯ ಖರ್ಚನ್ನೂ ಪ್ರಕಾಶಕನ ಲಾಭವನ್ನೂ ಬ್ಲೇಕನು ಉಳಿಸಿದುದು ನಿಜ. ತಾಮ್ರವನ್ನೂ ಅವನು ಹಿಡಿತದಿಂದ ಬಳಸಿದನು; ‘ಇನ್ನೊಸೆನ್ಸ್’ ಗೀತೆಗಳ ತಗಡುಗಳ ಬೆನ್ನಿನ ಮೇಲೆಯೇ ‘ಎಕ್ಸ್‌ಪೀರಿಯನ್ಸ್’ ಗೀತೆಗಳನ್ನು ಮೂಡಿಸಿದನೆಂದು ತಗಡುಗಳ ಅಳತೆಯನ್ನು ಹೋಲಿಸಿದ ವಿದ್ವಾಂಸರು ತೋರಿಸಿದ್ದಾರೆ. ಆದರೆ ಲೆಕ್ಕಕ್ಕೆ ಸಿಗದೆ ಹೋದ ಬಾಬೊಂದಿದೆ: ಕೈಯ ಹೊತ್ತು. ಮೊಳೆಯಚ್ಚಿನಲ್ಲಿ ಮೊದಲ ಪ್ರತಿಗೆ ಖರ್ಚು ಬಹಳ, ಐನೂರನೆಯ ಪ್ರತಿಗೆ ಬಲು ಕಡಿಮೆ. ಬ್ಲೇಕನ ವಿಧಾನದಲ್ಲಿ ಮೊದಲ ಪ್ರತಿ ಅಗ್ಗ. ಆದರೆ ಕೈಯಿಂದ ಬಣ್ಣ ತುಂಬಬೇಕಾದುದರಿಂದ ಐವತ್ತನೆಯ ಪ್ರತಿಯೂ ಮೊದಲನೆಯದರಷ್ಟೇ ದುಡಿಮೆಯನ್ನು ಬೇಡುತ್ತದೆ. ಪ್ರತಿಗಳು ಹೆಚ್ಚಿದಂತೆ ಲಾಭ ಹೆಚ್ಚುವುದಿಲ್ಲ, ಆಯಾಸ ಹೆಚ್ಚುತ್ತದೆ. ಲೆಕ್ಕವು ತಪ್ಪಿದ ಸ್ಥಳ ಇದೇ ಎಂದು ನಾವು ಭಾವಿಸುತ್ತೇವೆ.

ಅವನು ಗಿರಾಕಿಯ ಬೇಡಿಕೆ ಬಂದಾಗ ಮಾತ್ರ ಒಂದೊಂದು ಪ್ರತಿಯನ್ನು ಅಚ್ಚುಹಾಕಿ, ಆಯಾ ಗಿರಾಕಿಯ ಅಭಿರುಚಿಗೆ ತಕ್ಕಂತೆ ಬಣ್ಣ ಹಾಕುತ್ತಿದ್ದನೆಂಬ ನಂಬಿಕೆ ದೀರ್ಘಕಾಲ ಪ್ರಚಾರದಲ್ಲಿತ್ತು. ಎರಡು ಪ್ರತಿಗಳು ಒಂದರಂತೆ ಇನ್ನೊಂದು ಇಲ್ಲದಿರುವುದಕ್ಕೆ ಇದೇ ಕಾರಣವೆಂದು ಹೇಳುತ್ತಿದ್ದರು. ಜೋಸೆಫ್ ವಿಸ್ಕೋಮಿಯವರು ೧೯೯೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಮಸಿಯ ಬಣ್ಣ, ಕಾಗದದ ಜಾತಿ, ತಗಡಿನ ಸವೆತ ಮುಂತಾದವುಗಳನ್ನು ಹೋಲಿಸಿ, ಬ್ಲೇಕನು ಕೆಲವು ಪ್ರತಿಗಳ ಸಣ್ಣ ಸಣ್ಣ ಕಂತುಗಳಲ್ಲಿ ಮುದ್ರಿಸಿ ಮನೆಯಲ್ಲಿ ದಾಸ್ತಾನು ಇಟ್ಟುಕೊಳ್ಳುತ್ತಿದ್ದನೆಂದು ಸಾಧಿಸಿದ್ದಾರೆ. ಈ ನಿರ್ಣಯವು ನಮಗೆ ಸಮ್ಮತವಾದುದು. ಮಸಿ ಕಲೆಸಿ, ಕಾಗದ ನೆನೆಸಿ, ಯಂತ್ರವನ್ನು ಸಜ್ಜುಗೊಳಿಸುವ ಶ್ರಮವನ್ನು ಒಂದೇ ಪ್ರತಿಗಾಗಿ ಯಾವ ಅಚ್ಚುಗಾರನೂ ಪಡಲಾರನು. ಅಚ್ಚುಕೂಟವನ್ನು ಒಮ್ಮೆ ಹೊಕ್ಕು ನೋಡಿದ್ದರೆ ನಮ್ಮ ವಿಮರ್ಶಕರು ಆ ಹಳೆಯ ನಂಬಿಕೆಯನ್ನು ಅಷ್ಟು ಕಾಲ ಸಾಕುತ್ತಿರಲಿಲ್ಲವೆಂದು ತೋರುತ್ತದೆ.

ಸ್ವಂತ ಕೃತಿಗಳಿಂದ ಬರುತ್ತಿದ್ದ ಆದಾಯವು ಇಷ್ಟು ತೆಳುವಾಗಿದ್ದಾಗ ಮನೆ ನಡೆದುದು ಹೇಗೆ? ಉತ್ತರ ಸರಳ: ಪರರ ಕೆಲಸದಿಂದ. ಪ್ರಕಾಶಕ ಜೋಸೆಫ್ ಜಾನ್ಸನ್ನನು ಅವನಿಗೆ ಅನೇಕ ವರ್ಷ ಕೆತ್ತನೆಯ ಕೆಲಸ ಕೊಟ್ಟನು. ೧೭೯೫ರ ಸುಮಾರಿಗೆ ರಿಚರ್ಡ್ ಎಡ್ವರ್ಡ್ಸ್ ಎಂಬ ಪ್ರಕಾಶಕನು ಯಂಗ್ ಕವಿಯ ‘ನೈಟ್ ಥಾಟ್ಸ್’ ಕಾವ್ಯಕ್ಕೆ ಚಿತ್ರಗಳನ್ನು ಕೇಳಿದಾಗ ಬ್ಲೇಕನು ೧೦೦ ಗಿನಿ ಕೇಳಿದನೆಂದೂ, ಪ್ರಕಾಶಕನು ೨೦ಕ್ಕೆ ಮೇಲೆ ಏರಲಿಲ್ಲವೆಂದೂ ಚಿತ್ರಕಾರ ಫಾರಿಂಗ್ಟನ್ನನ ದಿನಚರಿಯಲ್ಲಿದೆ. ಗಿನಿಯೆಂದರೆ ೨೧ ಷಿಲಿಂಗ್. ಆ ಹಣಕ್ಕೆ ಅವನು ೫೩೭ ಬಣ್ಣದ ಚಿತ್ರಗಳನ್ನು ಬರೆದುಕೊಟ್ಟನು. ೧೭೯೭ರಲ್ಲಿ ಪುಸ್ತಕ ಹೊರಬಂದಾಗ ಕೊರೆದು ಮುದ್ರಿಸಿದ್ದು ೪೩ ಮಾತ್ರ. ಚಿತ್ರವೊಂದಕ್ಕೆ ಒಂದು ಷಿಲಿಂಗೂ ಬೀಳಲಿಲ್ಲ. ೧೭೯೯ರಲ್ಲಿ ಥಾಮಸ್ ಬಟ್ಸ್ ಎಂಬ ಸರ್ಕಾರಿ ಗುಮಾಸ್ತನು ಚಿತ್ರವೊಂದಕ್ಕೆ ಒಂದು ಗಿನಿಯಂತೆ ೫೦ ಚಿತ್ರಗಳನ್ನು ಬರೆದುಕೊಡಲು ಹೇಳಿದುದು ದೊಡ್ಡ ಆಸರೆಯಾಯಿತು.

೧೮೦೦ರಲ್ಲಿ ದಂಪತಿಗಳು ಉರುಳೆಯಂತ್ರವನ್ನೂ ಕಟ್ಟಿಕೊಂಡು ಸಸೆಕ್ಸ್ ಕಡಲತೀರದ ಫೆಲ್ಫಮ್ ಹಳ್ಳಿಗೆ ಹೋದರು. ಅಲ್ಲಿ ನೆಲೆಸಿದ್ದ ವಿಲಿಯಂ ಹೇಲಿ ಎಂಬ ಜಮೀನುದಾರ ಕವಿ ಕೆಲಸ ಕೊಡುತ್ತೇನೆಂದು ಕರೆದಿದ್ದನು. ಅಲ್ಲಿ ನಡೆದ ಮೊದಲ ಕೆಲಸಗಳಲ್ಲೊಂದು ‘ಲಿಟ್ಲ್ ಟಾಮ್ ದಿ ಸೇಲರ್’ ಎಂಬ ಒಂದೇ ಹಾಳೆಯ ಲಾವಣಿ. ಬಡ ವಿಧವೆಯೊಬ್ಬಳಿಗೆ ಹಣ ಕೂಡಿಸುವುದಕ್ಕಾಗಿ ಹೇಲಿಯು ಪದ್ಯ ಬರೆದನು. ಬ್ಲೇಕನು ಅದಕ್ಕೆ ಚಿತ್ರ ಕಟ್ಟಿ ತಗಡಿಗಿಳಿಸಿದನು. ಅಚ್ಚು ಮನೆಯಲ್ಲಿಯೇ ಆಯಿತು. ಹೇಳಿಸಿಕೊಂಡು ಮಾಡಿಕೊಡುವ ಬಿಡಿ ಕೆಲಸಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಈ ಅವಧಿಯ ಪತ್ರಗಳೇ ‘ಒಬ್ಬನ ಉದ್ಯಮ’ ಎಂಬ ಮಾತನ್ನು ತಿದ್ದುವಂತೆ ನಮ್ಮನ್ನು ಒತ್ತಾಯಪಡಿಸುತ್ತವೆ. ಹೇಲಿಯು ಬರೆದ ‘ಕೂಪರ್ ಕವಿಯ ಜೀವನಚರಿತ್ರೆ’ಯ ಚಿತ್ರಗಳ ವಿಷಯವಾಗಿ ಬ್ಲೇಕನು ೧೮೦೩ರ ಜನವರಿಯಲ್ಲಿ ತನ್ನ ಅಣ್ಣ ಜೇಮ್ಸನಿಗೆ ಬರೆದ ಪತ್ರದಲ್ಲಿ, ಆ ತಗಡುಗಳ ಮುದ್ರಣವನ್ನೆಲ್ಲ ತನ್ನ ಹೆಂಡತಿಯೇ ವಹಿಸಿಕೊಂಡಿದ್ದಾಳೆಂದೂ, ಬಹು ಚೆನ್ನಾಗಿ ಮಾಡುತ್ತಿದ್ದಾಳೆಂದೂ ತಿಳಿಸಿದ್ದಾನೆ. ಮದುವೆಯ ದಿವಸ ದಾಖಲೆಯ ಪುಸ್ತಕದಲ್ಲಿ ಹೆಸರು ಬರೆಯಲಾರದೆ ಗುಣಿಸುವ ಗುರುತನ್ನು ಹಾಕಿದವಳು ಈಕೆ. ಗಂಡನಿಂದ ಓದುಬರಹವನ್ನು ಕಲಿತು, ಮಸಿ ಹಚ್ಚುವುದು, ಯಂತ್ರ ತಿರುಗಿಸುವುದು, ಬಣ್ಣ ತುಂಬುವುದು, ಹೊಲಿಯುವುದು ಇವೆಲ್ಲದರಲ್ಲಿಯೂ ನುರಿತಳು. ಬ್ಲೇಕನು ತನ್ನ ಪುಸ್ತಕಗಳ ಮುಖಪುಟಗಳ ಮೇಲೆ ಕರ್ತೃವೂ ಮುದ್ರಕನೂ ತಾನೇ ಎಂದು ಬರೆದುಕೊಂಡನು. ಕ್ಯಾಥರೀನಳ ಹೆಸರು ಅವುಗಳ ಮೇಲೆ ಇಲ್ಲ. ಕುಟುಂಬದ ದುಡಿಮೆಯನ್ನು ಯಜಮಾನನ ಹೆಸರಿನಲ್ಲಿ ಬರೆದಿಡುವ ಪದ್ಧತಿ ನಮ್ಮ ನೇಕಾರರ ಮನೆಗಳಲ್ಲಿಯೂ ಕುಂಬಾರರ ಮನೆಗಳಲ್ಲಿಯೂ ಕಾಣದ್ದಲ್ಲ. ಆದರೂ ಪತ್ರಗಳ ಸಾಕ್ಷ್ಯ ಇಷ್ಟು ಸ್ಪಷ್ಟವಾಗಿರುವಾಗ, ಚರಿತ್ರಕಾರರೂ ಮುಖಪುಟವನ್ನೇ ಪ್ರಮಾಣವೆಂದು ಹಿಡಿದುದು ವಿಷಾದಕರ.

ಅದೇ ಪತ್ರದಲ್ಲಿ ಇನ್ನೊಂದು ಕುತೂಹಲಕರವಾದ ಅಂಶವಿದೆ. ಅರ್ಧ ಗಿನಿ ಬೆಲೆಯ ಪುಸ್ತಕವನ್ನು ೧೦ ಪೌಂಡು ಖರ್ಚಿನಲ್ಲಿ ಹೊರಡಿಸಬಹುದೆಂದೂ, ಅದರಿಂದ ೫೦೦ ಗಿನಿ ಲಾಭ ಬಹುತೇಕ ಖಚಿತವೆಂದೂ ಬ್ಲೇಕನು ಅಣ್ಣನಿಗೆ ಉತ್ಸಾಹದಿಂದ ಲೆಕ್ಕ ಕೊಡುತ್ತಾನೆ. ಅರ್ಧ ಗಿನಿಯಂತೆ ೫೦೦ ಗಿನಿ ಬರಬೇಕಾದರೆ ಸಾವಿರ ಪ್ರತಿ ಮಾರಬೇಕು. ಇವನ ‘ಸಾಂಗ್ಸ್’ ಗೀತೆಗಳ ಎರಡು ಭಾಗಗಳೂ ಕೂಡಿದ ಪ್ರತಿಗಳು ಜೀವಮಾನದಲ್ಲಿ ಐವತ್ತನ್ನು ಹೆಚ್ಚಾಗಿ ಮೀರಲಿಲ್ಲ. ಹಿಂದಿನ ವರ್ಷವಷ್ಟೇ ಹೇಲಿಯ ಲಾವಣಿಗಳನ್ನು ಕಂತುಕಂತಾಗಿ ಎರಡೂವರೆ ಷಿಲಿಂಗಿಗೆ ಮಾರಲು ಯತ್ನಿಸಿ, ನಾಲ್ಕು ಕಂತುಗಳಿಗೆ ಕೆಲಸ ನಿಂತುಹೋಗಿತ್ತು. ಇಂಥ ಅನುಭವದ ಮೇಲೂ ಆ ಲೆಕ್ಕ ಬರೆದವನನ್ನು ಲೋಕವಿಮುಖನೆಂದು ಕರೆಯುವುದು ಹೇಗೆ? ಲೋಕದ ವ್ಯವಹಾರದಲ್ಲಿ ಅವನಿಗಿದ್ದ ಆಸೆ ಅಗಾಧವಾದುದು.

ಲಂಡನ್ನಿಗೆ ಹಿಂದಿರುಗಿದ ಮೇಲೆ ನಡೆದ ಒಂದು ಪ್ರಸಂಗವನ್ನು ಬಿಡುವಂತಿಲ್ಲ. ೧೮೦೫ರಲ್ಲಿ ರಾಬರ್ಟ್ ಕ್ರೋಮೆಕ್ ಎಂಬುವನು, ಮೊದಲು ಕೆತ್ತನೆಗಾರನಾಗಿದ್ದು ಆಮೇಲೆ ಪ್ರಕಾಶನಕ್ಕೆ ಇಳಿದವನು, ಬ್ಲೇರ್ ಕವಿಯ ‘ದಿ ಗ್ರೇವ್’ ಕಾವ್ಯಕ್ಕೆ ೨೦ ಚಿತ್ರಗಳನ್ನು ೨೦ ಗಿನಿಗೆ ಬರೆಸಿದನು. ಆ ಬೆಲೆ ಕಡಿಮೆ. ಆದರೆ ಚಿತ್ರಗಳನ್ನು ತಗಡಿಗೆ ಕೊರೆಯುವ ಕೆಲಸವೂ ತನಗೇ ಬರುವುದೆಂದು ಬ್ಲೇಕನು ನಂಬಿದ್ದನು. ಅವನ ಹೆಸರು ಮೊದಲ ಪ್ರಕಟಣೆಯಲ್ಲಿ ಕೆತ್ತನೆಗಾರನೆಂದು ಬಂದೂ ಇತ್ತು. ಸ್ವಲ್ಪ ದಿನಗಳಲ್ಲೇ ಕ್ರೋಮೆಕನು ಆ ಕೆಲಸವನ್ನು ಲೂಯಿ ಸ್ಕಿಯಾವೊನೆಟ್ಟಿ ಎಂಬ ಜನಪ್ರಿಯ ಕೆತ್ತನೆಗಾರನಿಗೆ ವಹಿಸಿದನು. ಆ ಕಾಲದಲ್ಲಿ ಹಣವಿದ್ದುದು ಕಲ್ಪನೆಯಲ್ಲಲ್ಲ, ಕೆತ್ತನೆಯಲ್ಲಿ. ಚಿತ್ರವೊಂದನ್ನು ಕಲ್ಪಿಸುವವನಿಗೆ ಸಿಗುತ್ತಿದ್ದುದಕ್ಕಿಂತ ಅದನ್ನು ಕೊರೆಯುವವನಿಗೆ ಅನೇಕ ಪಾಲು ಹೆಚ್ಚು ಸಿಗುತ್ತಿತ್ತು. ತನ್ನ ಮನೆಯಲ್ಲಿ ಕೂಡಿಸಿಕೊಂಡಿದ್ದ ಕೆಲಸಗಳನ್ನು ಪೇಟೆಯು ಹೀಗೆ ಮತ್ತೆ ಬಿಡಿಸಿ, ಲಾಭವಿಲ್ಲದ ಭಾಗವನ್ನು ಅವನಿಗೆ ಬಿಟ್ಟಿತು. ಬ್ಲೇಕನ ಕೋಪವು ಅವನ ಟಿಪ್ಪಣಿಪುಸ್ತಕದಲ್ಲಿ ಕಟುವಾದ ಚುಟುಕಗಳಾಗಿ ಉಳಿದಿದೆ. ೧೮೦೯ರಲ್ಲಿ ಅಣ್ಣನ ಕಾಲುಚೀಲದ ಅಂಗಡಿಯ ಮೇಲೆ ತಾನೇ ೧೬ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದನು. ಗಿರಾಕಿಗಳು ಬರಲಿಲ್ಲ, ಬಂದುದು ಪತ್ರಿಕೆಯೊಂದರ ಕಟುವಾದ ಟೀಕೆ.

ಇದಾದ ಮೇಲೆ ಉದ್ಯಮದ ಸ್ವರೂಪವೇ ಬದಲಾಯಿತೆಂಬುದನ್ನು ಅವನ ಬೆಲೆಗಳು ತೋರಿಸುತ್ತವೆ. ೧೮೧೮ರಲ್ಲಿ ಡಾಸನ್ ಟರ್ನರ್ ಎಂಬ ಸಂಗ್ರಾಹಕನಿಗೆ ಕಳುಹಿಸಿದ ಪಟ್ಟಿಯಲ್ಲಿ ‘ಇನ್ನೊಸೆನ್ಸ್’ ಗೀತೆಗಳ ಬೆಲೆ ೩ ಗಿನಿ. ೫ ಷಿಲಿಂಗ್ ಇದ್ದುದು ೬೩ ಷಿಲಿಂಗ್ ಆಯಿತು. ‘ಅಮೆರಿಕ’ಕ್ಕೆ ೫ ಗಿನಿ. ೧೮೨೭ರ ಏಪ್ರಿಲಿನಲ್ಲಿ ಕಂಬರ್ಲೆಂಡನಿಗೆ ಬರೆದ ಪತ್ರದಲ್ಲಿ ‘ಸಾಂಗ್ಸ್’ ಎರಡು ಭಾಗಗಳಿಗೂ ಸೇರಿ ೧೦ ಗಿನಿ, ಎಂದರೆ ೧೭೯೩ರ ಬೆಲೆಯ ೨೧ ಪಾಲು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಬೆಲೆಗಳೂ ಏರಿದ್ದುವು. ಆದರೆ ಈ ಏರಿಕೆಗೆ ಅದು ಸಮಾಧಾನವಾಗದು. ಜನಸಾಮಾನ್ಯರಿಗೆ ಅಗ್ಗವಾಗಿ ಮುಟ್ಟಿಸಬೇಕೆಂದು ಹುಟ್ಟಿದ ವಿಧಾನವು ಈಗ ಕೆಲವೇ ಶ್ರೀಮಂತ ಸಂಗ್ರಾಹಕರಿಗಾಗಿ ದುಬಾರಿ ಪ್ರತಿಗಳನ್ನು ತಯಾರಿಸುವ ವಿಧಾನವಾಗಿ ಮಾರ್ಪಟ್ಟಿತು. ಬಣ್ಣಗಳು ದಟ್ಟವಾದುವು, ಚಿನ್ನದ ಲೇಪವೂ ಸೇರಿತು. ೧೦೦ ತಗಡುಗಳ ‘ಜೆರೂಸಲೆಮ್’ ಕಾವ್ಯವನ್ನು ಪೂರ್ತಿ ಬಣ್ಣ ತುಂಬಿ ಮುಗಿಸಿದ್ದು ಒಂದೇ ಪ್ರತಿ. ಅದಕ್ಕೆ ಗಿರಾಕಿ ದೊರೆಯುವುದು ಕಷ್ಟವೆಂದು ಅವನೇ ಆ ಪತ್ರದಲ್ಲಿ ಹೇಳಿದ್ದಾನೆ. ಈ ಪರಿವರ್ತನೆಯನ್ನು ಸೋಲೆಂದು ಕರೆಯಲು ನಾವು ಹಿಂಜರಿಯುತ್ತೇವೆ, ಏಕೆಂದರೆ ಅವನ ಅತ್ಯುತ್ತಮ ಪ್ರತಿಗಳು ಈ ಕಾಲದವೇ. ಆದರೆ ೧೭೯೩ರ ಪ್ರಕಟಣಪತ್ರದ ಉದ್ದೇಶ ಈಡೇರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಕೊನೆಯ ವರ್ಷಗಳಲ್ಲಿ ಅವನನ್ನು ಉಳಿಸಿದವನು ಜಾನ್ ಲಿನ್ನೆಲ್ ಎಂಬ ತರುಣ ಚಿತ್ರಕಾರ. ೧೮೨೩ರ ಮಾರ್ಚಿಯಲ್ಲಿ ಇವರಿಬ್ಬರ ನಡುವೆ ಲಿಖಿತ ಒಪ್ಪಂದವಾಯಿತು: ‘ಬುಕ್ ಆಫ್ ಜೋಬ್’ ಚಿತ್ರಗಳನ್ನು ಕೊರೆದುಕೊಟ್ಟರೆ ೧೦೦ ಪೌಂಡು, ಲಾಭ ಬಂದಲ್ಲಿ ಇನ್ನೂ ೧೦೦ ಪೌಂಡು. ಅವನ ಕೈಕೆಲಸದ ಶಿಖರವೆಂದು ಎಣಿಸಲಾಗುವ ಈ ಚಿತ್ರಮಾಲೆಯನ್ನು ಮುದ್ರಿಸಿದುದು ಮಾತ್ರ ಮನೆಯಲ್ಲಲ್ಲ; ವೃತ್ತಿಯಿಂದ ಅಚ್ಚುಗಾರನಾದ ಲಾಹಿ ಎಂಬವನ ಯಂತ್ರದಲ್ಲಿ. ಶ್ರಮವಿಭಜನೆಗೆ ಮರಳಿದಾಗಲೇ ಅವನಿಗೆ ನೆಮ್ಮದಿಯ ಸಂಬಳ ದೊರೆತುದು ಗಮನಿಸತಕ್ಕ ಸಂಗತಿ.

ಬ್ಲೇಕನು ೧೮೨೭ರ ಆಗಸ್ಟ್ ೧೨ರಂದು ತೀರಿಕೊಂಡನು. ಕ್ಯಾಥರೀನಳು ೧೮೩೧ರವರೆಗೂ ಬದುಕಿದ್ದು, ಮನೆಯಲ್ಲಿದ್ದ ದಾಸ್ತಾನನ್ನು ಮಾರುತ್ತ ಜೀವನ ಸಾಗಿಸಿದಳು. ತಗಡುಗಳು ಅನಂತರ ಒಂದೊಂದಾಗಿ ಕಣ್ಮರೆಯಾದುವು. ‘ಸಾಂಗ್ಸ್’ ಗೀತೆಗಳ ೧೬ ಪುಟಗಳ ಪಡಿಯಚ್ಚನ್ನು ಗಿಲ್‌ಕ್ರಿಸ್ಟನ ಗ್ರಂಥಕ್ಕಾಗಿ ತೆಗೆದಿದ್ದರು. ಉಬ್ಬಚ್ಚಿನ ಮೂಲ ತಗಡುಗಳ ಪೈಕಿ ಈಗ ಉಳಿದಿರುವುದು ‘ಅಮೆರಿಕ’ಕ್ಕಾಗಿ ಸಿದ್ಧಪಡಿಸಿ ಕೈಬಿಟ್ಟ ಒಂದು ತಗಡಿನ ಚೂರು ಮಾತ್ರ.

ಬ್ಲೇಕನು ಕಟ್ಟಕಡೆಯದಾಗಿ ಕೈಗೆತ್ತಿಕೊಂಡ ಕೆತ್ತನೆ ಯಾವ ಮಹಾಕಾವ್ಯದ್ದೂ ಅಲ್ಲ. ಹಳೆಯ ಗೆಳೆಯ ಕಂಬರ್ಲೆಂಡನು ತನಗೊಂದು ಹೆಸರುಚೀಟಿ ಬೇಕೆಂದು ಕೇಳಿದ್ದನು. ನಾವು ಇಂದು ವಿಸಿಟಿಂಗ್ ಕಾರ್ಡು ಎನ್ನುವ ಅಂಥ ಸಣ್ಣ ತಗಡಿನ ಮೇಲೆ, ಕಂಬರ್ಲೆಂಡನ ಹೆಸರಿನ ಸುತ್ತ, ಬ್ಲೇಕನು ಪುಟ್ಟ ಪುಟ್ಟ ಮನುಷ್ಯಾಕೃತಿಗಳನ್ನು ಕೊರೆದನು. ಅದನ್ನು ಗೆಳೆಯನಿಗೆ ತಲುಪಿಸಿದವಳು ಕ್ಯಾಥರೀನ್.